ಅಸರ್ ನಮಾಜ್ 3:50ಕ್ಕೋ 4:40ಕ್ಕೋ? ಬಳ್ಳಾರಿಯ ಒಂದು ಹಲಾಲ್ ಪ್ರವಾಸದ ಪ್ರಕರಣ

ಗೆಳತಿಯ ಫೋನ್ ಬಂದಾಗ ನಾನು ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ.

"ಜನವರಿ ಕೊನೆಗೆ ಮೂರು ದಿನ ಬಿಡುವು ಉಂಟು. ಉಮ್ಮ, ಅಬ್ಬ, ಮಕ್ಕಳು ಎಲ್ಲ ಸೇರಿ ನಿಮ್ಮ ಬಳ್ಳಾರಿಗೆ ಬರುವ ಅಂತ. ಕೋಟೆ ನೋಡ್ಬೇಕು, ಹಂಪಿ ನೋಡ್ಬೇಕು, ಮಕ್ಕಳಿಗೆ ಪಾರ್ಕು ಬೇಕು. ಮತ್ತೆ ಊಟ, ನಮಾಜ್ ಎಲ್ಲ ಹಲಾಲ್ ಆಗಿ ಆಗ್ಬೇಕು. ನೀನೇ ಪ್ಲಾನ್ ಮಾಡು ಮಾರಾಯ್ತಿ."

ನಾನು ಹೂಂ ಅಂದುಬಿಟ್ಟೆ. ಬಳ್ಳಾರಿಯಲ್ಲಿ ಬಿರಿಯಾನಿಗೆ ಬರವಾ, ಮಸೀದಿಗೆ ಬರವಾ? ಅರ್ಧ ಗಂಟೆಯ ಕೆಲಸ ಎಂದುಕೊಂಡೆ. ಎರಡು ವಾರ ಹಿಡಿಯಿತು. ಹಾಳೆಯನ್ನು ಮೂರು ಸಲ ಹರಿದು ಬರೆದೆ. ಅಷ್ಟಾದ ಮೇಲೂ ಪ್ರವಾಸದ ದಿನ ಒಂದು ಕಡೆ ಎಡವಿದೆ. ಆಮೇಲೆ ನಮ್ಮ ಶಾಲೆಯಲ್ಲೇ ಇಬ್ಬರು ಅದೇ ಪ್ಲಾನ್ ಕೇಳಿದರು. ಬರೀ ಪ್ಲಾನ್ ಕೊಟ್ಟರೆ ನಾನು ಎಡವಿದ್ದು ಕಾಣುವುದಿಲ್ಲ. ಅದಕ್ಕೇ ಇಡೀ ಕಥೆ ಬರೆಯುತ್ತಿದ್ದೇನೆ.

ಬರುವವರು

ಗೆಳತಿ ನನ್ನ ಜೊತೆ ಮಂಗಳೂರಿನ ಹಾಸ್ಟೆಲ್‌ನಲ್ಲಿ ಎರಡು ವರ್ಷ ಇದ್ದವಳು. ಕರಾವಳಿಯ ಬ್ಯಾರಿ ಮುಸ್ಲಿಂ ಮನೆತನ, ದಕ್ಷಿಣ ಕನ್ನಡದ ಒಳನಾಡಿನವಳು. ಬರುವವರು ಒಟ್ಟು ಆರು ಜನ. ಅವಳು, ಗಂಡ, 11 ವರ್ಷದ ಮಗ, 6 ವರ್ಷದ ಮಗಳು, ಅವಳ ಉಮ್ಮ (ಅಮ್ಮ), ಅಬ್ಬ (ಅಪ್ಪ). ಉಮ್ಮನಿಗೆ ಮಂಡಿನೋವು. ಸಮತಟ್ಟು ದಾರಿಯಲ್ಲಿ ನಡೀತಾರೆ, ಮೆಟ್ಟಿಲು ಆಗದು. ಅಬ್ಬ 70 ದಾಟಿದವರು, ಗಟ್ಟಿಯಾಗಿದ್ದಾರೆ. ಆದರೆ ಗಡಿಯಾರದ ಮನುಷ್ಯ.

ನಾನು ಸಮಾಜ ವಿಜ್ಞಾನದ ಮೇಡಂ. ಕೋಟೆ ಕೊತ್ತಲ ನನಗೆ ಗೊತ್ತು. ನಮಾಜಿನ ಸಮಯದ ಲೆಕ್ಕ ಗೊತ್ತಿರಲಿಲ್ಲ. ನಮ್ಮ ಮನೆ ಊಟ ಸಸ್ಯಾಹಾರ, ಹಾಗಾಗಿ ಮಟನ್ ಅಂಗಡಿಯ ಒಳಸುದ್ದಿಯೂ ಗೊತ್ತಿರಲಿಲ್ಲ.

ಮೊದಲ ಹಾಳೆ

ಮೊದಲ ಹಾಳೆಯಲ್ಲಿ ಊರುಗಳ ಹೆಸರೇ ತುಂಬಿತ್ತು. ಶುಕ್ರವಾರ ಬೆಳಿಗ್ಗೆ ಬಸ್ಸಿಳಿದ ಕೂಡಲೇ ಹಂಪಿ, ಕಮಲಾಪುರದ ಮ್ಯೂಸಿಯಂ, ಸಂಜೆ ದರೋಜಿ ಕರಡಿಧಾಮ. ಶನಿವಾರ ಬಳ್ಳಾರಿ ಕೋಟೆ. ಭಾನುವಾರ ಮೃಗಾಲಯ, ತುಂಗಭದ್ರಾ ಡ್ಯಾಂ. ಆರು ಹೊತ್ತಿನ ಊಟಕ್ಕೆ ಆರು ಬಿರಿಯಾನಿ ಹೋಟೆಲು. ನಮಾಜಿಗೆ "ದಾರಿಯಲ್ಲಿ ಸಿಗುವ ಮಸೀದಿ" ಎಂದು ಒಂದು ಸಾಲು.

ಗೆಳತಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ನಗು ತಡೆಯಲಾಗದೆ ಮಾತಾಡುತ್ತಿದ್ದಳು.

"ಉಮ್ಮನಿಗೆ ಮೂರು ದಿನ ಬಿರಿಯಾನಿ ಕೊಟ್ರೆ ಅವರನ್ನು ಊರಿಗೆ ವಾಪಸ್ ತರ್ಲಿಕ್ಕೆ ಇಲ್ಲ ಮಾರಾಯ್ತಿ! ಅವರಿಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು. ಅದಿಲ್ಲದಿದ್ರೆ ಸೊಪ್ಪು, ಬೇಳೆ, ಮೊಸರು ಆದ್ರೂ ಸಾಕು."

ಹಲಾಲ್ ಎಂದ ಕೂಡಲೇ ನನ್ನ ತಲೆಯಲ್ಲಿ ಮಾಂಸ ಮಾತ್ರ ಬಂದಿತ್ತು. ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ಮಾಂಸವಿದ್ದರೆ ಅದು ಹಲಾಲ್ ಕೊಯ್ದದ್ದಾಗಿರಬೇಕು. ಇಲ್ಲದಿದ್ದರೆ ಸಸ್ಯಾಹಾರ, ಇಲ್ಲವೇ ಮೀನು. ಮೀನಿಗೆ ಹಾಗೆ ಕೊಯ್ಯುವ ನಿಯಮ ಇಲ್ಲ. ಉಳಿಯುವ ಜಾಗದಲ್ಲಿ ಹೆಂಡದ ಗಲಾಟೆ ಇರಬಾರದು. ಉಮ್ಮನಿಗೆ, ಅವಳಿಗೆ ನಮಾಜ್ ಮಾಡಲು ಮರೆ ಇರುವ ಜಾಗ ಬೇಕು, ವುಜೂ (ನಮಾಜಿಗೆ ಮೊದಲು ಕೈಕಾಲು, ಮುಖ ತೊಳೆಯುವುದು) ಮಾಡಲು ನೀರು ಬೇಕು. "ದಾರಿಯಲ್ಲಿ ಸಿಗುವ ಮಸೀದಿ" ಗಂಡಸರಿಗೆ ಆಯಿತು. ನಮ್ಮ ಕಡೆಯ ಬಹುಪಾಲು ಮಸೀದಿಗಳಲ್ಲಿ ಹೆಂಗಸರಿಗೆ ಜಾಗ ಇರುವುದಿಲ್ಲ. ನಾನೂ ಒಬ್ಬ ಹೆಂಗಸಾಗಿ ಇದು ನನ್ನ ತಲೆಗೇ ಬಂದಿರಲಿಲ್ಲ ಅಲ್ವಾ ಎಂದು ನಾಚಿಕೆಯಾಯಿತು.

ಮೊದಲ ಹಾಳೆಯಲ್ಲಿ ಇನ್ನೂ ಒಂದು ತಪ್ಪಿತ್ತು. ಅದು ಧರ್ಮಕ್ಕೆ ಸಂಬಂಧಿಸಿದ್ದಲ್ಲ. ಕಮಲಾಪುರದ ಪುರಾತತ್ವ ಮ್ಯೂಸಿಯಂಗೆ ಶುಕ್ರವಾರ ರಜೆ. ಮಕ್ಕಳನ್ನು ಶಾಲೆಯಿಂದ ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ, ಆದರೂ ಮರೆತಿದ್ದೆ. ಮೇಲಾಗಿ ಹಂಪಿಯ ರಾಣಿವಾಸದ ಆವರಣ, ವಿಠ್ಠಲ ದೇವಸ್ಥಾನ, ಮ್ಯೂಸಿಯಂ ಮೂರಕ್ಕೂ ಒಂದೇ ಟಿಕೆಟ್. ಅದು ಅವತ್ತು ಒಂದೇ ದಿನಕ್ಕೆ ನಡೆಯುತ್ತದೆ. ಭಾರತೀಯರಿಗೆ ತಲೆಗೆ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಶುಕ್ರವಾರ ಹೋದರೆ ಮೂರರಲ್ಲಿ ಒಂದು ಖೋತಾ. ಶುಕ್ರವಾರ ಮಧ್ಯಾಹ್ನ ಮಸೀದಿಯಲ್ಲಿ ಸೇರಿ ಮಾಡುವ ಜುಮಾ ನಮಾಜ್ ಬೇರೆ ಇದೆ. ಅಲ್ಲಿಗೆ ಶುಕ್ರವಾರ ಬಳ್ಳಾರಿಗೆ, ಶನಿವಾರ ಹಂಪಿಗೆ ಎಂದು ತಾನಾಗೇ ತೀರ್ಮಾನವಾಯಿತು.

ದರೋಜಿ ಕರಡಿಧಾಮವನ್ನು ನಾನೇ ಕಿತ್ತುಹಾಕಿದೆ. 1994ರಲ್ಲಿ ಆದ ಧಾಮ, ಒಳ್ಳೆಯ ಜಾಗ. ಆದರೆ ಕರಡಿಗಳು ಬಂಡೆ ಇಳಿದು ಬರುವುದು ಸಂಜೆ. ಅವು ಬರುವ ಹೊತ್ತಿಗೇ ಅಬ್ಬನ ಮಗ್ರಿಬ್, ಅಂದರೆ ಸೂರ್ಯ ಮುಳುಗಿದ ಮೇಲಿನ ನಮಾಜ್, ಹತ್ತಿರವಾಗುತ್ತದೆ. ಕರಡಿ ಯಾರ ಗಡಿಯಾರವನ್ನೂ ಕೇಳುವುದಿಲ್ಲ.

ಎರಡನೇ ಹಾಳೆ: ಮೊದಲು ಸಮಯ, ಆಮೇಲೆ ಊರು

ನಮ್ಮ ಓಣಿಯಲ್ಲಿ ಒಬ್ಬ ಟೈಲರ್ ಚಾಚಾ ಇದ್ದಾರೆ. ನನ್ನ ಮದುವೆಯ ಬ್ಲೌಸ್ ಹೊಲಿದವರು. ಅವರ ಅಂಗಡಿಯ ಗೋಡೆಯ ಮೇಲೆ ಮಸೀದಿಯ ಸಮಯ ಪಟ್ಟಿ ತೂಗು ಹಾಕಿದೆ. ಅದನ್ನು ಫೋಟೋ ಹೊಡೆದುಕೊಂಡು ಬಂದೆ. ಜನವರಿ ಕೊನೆಯ ವಾರ ಬಳ್ಳಾರಿಯಲ್ಲಿ ಬೆಳಗಿನ ಜಾವದ ನಮಾಜ್ ಫಜರ್ ಸುಮಾರು 5:35ಕ್ಕೆ ಶುರು. ಸೂರ್ಯ ಹುಟ್ಟುವುದು 6:50ರ ಹೊತ್ತಿಗೆ. ಮಧ್ಯಾಹ್ನದ ಜೊಹರ್ 12:35ರ ಮೇಲೆ. ಇಳಿಹೊತ್ತಿನ ಅಸರ್ 4:40. ಮಗ್ರಿಬ್ 6:15ರ ಆಸುಪಾಸು.

ಈ ಸಲ ಹಾಳೆಯ ಎಡಗಡೆ ಮೊದಲು ಈ ಸಮಯಗಳನ್ನು ಬರೆದೆ. ಊರುಗಳನ್ನು ಆಮೇಲೆ ನಡುವೆ ತುಂಬಿದೆ. ಬರೆದ ಮೇಲೆ ಕಂಡದ್ದು ನೋಡಿ: ಬೆಳಿಗ್ಗೆ ಏಳರಿಂದ ಹನ್ನೆರಡರವರೆಗೆ ಐದು ಗಂಟೆ ಪೂರಾ ಖಾಲಿ. ಮಧ್ಯಾಹ್ನ ರೂಮಿಗೆ ಹೋಗಿ ಕೈಕಾಲು ತೊಳೆದು, ನಮಾಜ್, ಊಟ, ಒಂದು ನಿದ್ದೆ. ಬಿಸಿಲು ಇಳಿದ ಮೇಲೆ ಮತ್ತೆ ಹೊರಗೆ. ಇದು ನಮ್ಮ ಬಳ್ಳಾರಿಯ ಹಿರಿಯರ ದಿನಚರಿಯೇ! ನಮ್ಮಜ್ಜಿ ಹನ್ನೆರಡಕ್ಕೆ ಬಾಗಿಲು ಹಾಕಿದರೆ ನಾಲ್ಕಕ್ಕೇ ತೆಗೆಯುತ್ತಿದ್ದರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ನಡುಮಧ್ಯಾಹ್ನ ಬಂಡೆಗಳ ಮೇಲೆ ತಿರುಗುವವರು ಪ್ರವಾಸಿಗಳು ಮಾತ್ರ. ನಮಾಜ್ ಸಮಯ ನನ್ನ ಪ್ಲಾನಿಗೆ ಅಡ್ಡಿ ಎಂದುಕೊಂಡಿದ್ದೆ. ಪ್ಲಾನ್ ಸರಿಹೋಗಿದ್ದೇ ಅದರಿಂದ.

ಪ್ರಯಾಣಿಕರಿಗೆ ಇಸ್ಲಾಮಿನಲ್ಲಿ ಸಡಿಲಿಕೆಯೂ ಇದೆ ಎಂದು ಗೆಳತಿಯ ಗಂಡ ವಿವರಿಸಿದರು. ದೂರದ ಪ್ರಯಾಣದಲ್ಲಿ ನಾಲ್ಕು ರಕಾತಿನ (ಸುತ್ತಿನ) ನಮಾಜನ್ನು ಎರಡಕ್ಕೆ ಇಳಿಸಬಹುದು. ಅದಕ್ಕೆ ಖಸರ್ ಎನ್ನುತ್ತಾರೆ. ಇಸ್ಲಾಮಿನ ಧರ್ಮನಿಯಮದ ಪಂಥಗಳಲ್ಲಿ ಬ್ಯಾರಿಗಳು ಶಾಫಿ ಪಂಥದವರು. ಅವರಿಗೆ ಜೊಹರ್ ಮತ್ತು ಅಸರ್ ಅನ್ನು ಒಟ್ಟಿಗೆ ಮಾಡುವ ಅವಕಾಶವೂ ಇದೆ. ಮಗ್ರಿಬ್ ಮತ್ತು ರಾತ್ರಿಯ ಇಶಾಕ್ಕೂ ಹಾಗೇ. ಜುಮಾ ಕೂಡ ಪ್ರಯಾಣಿಕನ ಮೇಲೆ ಕಡ್ಡಾಯವಲ್ಲ. "ನಮಗೆ ತೊಂದರೆ ಇಲ್ಲ, ಒಟ್ಟಿಗೆ ಮಾಡ್ತೇವೆ. ಆದ್ರೆ ಅಬ್ಬ ಒಪ್ಪುವುದಿಲ್ಲ. ಅವರಿಗೆ ಪ್ರತಿಯೊಂದೂ ಅದರದರ ಹೊತ್ತಿಗೇ ಆಗ್ಬೇಕು" ಎಂದರು. ಸರಿ, ಅಬ್ಬನ ಲೆಕ್ಕಕ್ಕೇ ಪ್ಲಾನ್ ಮಾಡಿದರೆ ಉಳಿದವರು ಅದರಲ್ಲೇ ಹಿಡಿಯುತ್ತಾರೆ.

ಊಟದ ವಿಚಾರಣೆ

ಹೋಟೆಲಿಗೆ ಫೋನ್ ಮಾಡಿ "ಹಲಾಲಾ?" ಎಂದು ಕೇಳಿದರೆ ಎಲ್ಲರೂ "ಹೌದ್ರಿ ಮೇಡಂ, ಹಂಡ್ರೆಡ್ ಪರ್ಸೆಂಟ್" ಎನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಚಾಚಾ ಬೇರೆ ಪ್ರಶ್ನೆ ಹೇಳಿಕೊಟ್ಟರು. "ಮಟನ್ ಯಾವ ಅಂಗಡೀದು ಅಂತ ಕೇಳ್ರಿ. ಅಂಗಡಿ ಹೆಸರು ಫಟ್ ಅಂತ ಹೇಳಿದ್ರೆ ಸರಿ. ತಡವರಿಸಿದ್ರೆ ಬ್ಯಾಡ." ಇದು ಕೆಲಸ ಮಾಡಿತು. ಕೌಲ್ ಬಜಾರ್ ಕಡೆಯ ಒಂದು ಸಣ್ಣ ಹೋಟೆಲಿನವರು ಅಂಗಡಿಯ ಹೆಸರು ಹೇಳಿ, ಕೊಯ್ಯುವವರು ಯಾರೆಂದೂ ಹೇಳಿದರು. ಇನ್ನೊಂದು ದೊಡ್ಡ ಹೋಟೆಲಿನವರು "ಸಪ್ಲೈಯರ್ ಕೊಡ್ತಾರೆ" ಎಂದರು. ಅದನ್ನು ಬಿಟ್ಟೆ.

ನಮ್ಮ ಕಡೆ ಇದು ಹೊಸ ವಿಷಯವೂ ಅಲ್ಲ. ಹಳ್ಳಿಗಳಲ್ಲಿ ಜಾತ್ರೆಗೆ ಕುರಿ ಕೊಯ್ಯಲು ಮುಲ್ಲಾಸಾಬರನ್ನೇ ಕರೆಯುವ ರೂಢಿ ಇತ್ತು, ಕೆಲವು ಕಡೆ ಇನ್ನೂ ಇದೆ. ತಿನ್ನುವವರು ಯಾವ ಜಾತಿಯವರಾದರೂ ಇರಲಿ, ಕೊಯ್ಯುವ ಕೈ ಅವರದೇ.

ಆದರೆ ಮೂರು ದಿನದ ಊಟದಲ್ಲಿ ಮಾಂಸ ಎರಡೇ ಹೊತ್ತು ಸಾಕಾಯಿತು. ಉಳಿದದ್ದಕ್ಕೆ ಲಿಂಗಾಯತ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕಾಳು ಪಲ್ಯ, ಗಟ್ಟಿ ಮೊಸರು. ಅಡುಗೆಮನೆಯೊಳಗೆ ಮಾಂಸವೂ ಬರುವುದಿಲ್ಲ, ಹೆಂಡವೂ ಬರುವುದಿಲ್ಲ. ಪಾತ್ರೆಯ ಅನುಮಾನವೂ ಇಲ್ಲ, ಎಣ್ಣೆಯ ಅನುಮಾನವೂ ಇಲ್ಲ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಸುತ್ತಲೂ ಹೀಗೇ, ಮದ್ಯ ಮಾಂಸ ಎರಡೂ ಇಲ್ಲ. ಹಲಾಲ್ ಊಟ ಹುಡುಕುವವರು ಹಂಪಿಯಲ್ಲಿ ಕಷ್ಟ ಎಂದು ಹೆದರುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಸಲೀಸಾಗಿ ಕಂಡಿತು.

ಒಂದು ಮಾತ್ರ ಮೊದಲೇ ಕೇಳಿ ತಿಳಿದುಕೊಂಡೆ: ದೇವಸ್ಥಾನದ ಪ್ರಸಾದ. ಉಮ್ಮ ತಿನ್ನುವುದಿಲ್ಲ. ಯಾರಾದರೂ ಪ್ರೀತಿಯಿಂದ ಕೈಗೆ ಕೊಟ್ಟಾಗ ಬೇಡ ಎನ್ನಲು ಅವರಿಗೆ ಮುಜುಗರ. ಹಾಗೇನಾದರೂ ಆದರೆ ನಾನು ತೆಗೆದುಕೊಳ್ಳುತ್ತೇನೆ ಎಂದು ಮಾತಾಯಿತು. ಎರಡು ಸಲ ಲಾಡು ನನಗೆ ಸಿಕ್ಕಿತು.

ಶುಕ್ರವಾರ: ಜುಮಾ, ಕೋಟೆ, ಆಮೇಲೆ ಬಾರ್

ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಇಳಿದರು. ವಗ್ಗಾಣಿ, ಮಿರ್ಚಿ ತಿಂದರು. ಮಗಳು ಮಿರ್ಚಿಯ ಹಿಟ್ಟು ಮಾತ್ರ ತಿಂದು ಮೆಣಸಿನಕಾಯಿಯನ್ನು ಅಪ್ಪನ ತಟ್ಟೆಗೆ ಹಾಕಿದಳು. ಆಮೇಲೆ ಎಲ್ಲರೂ ಮಲಗಿದರು. ನಾನೂ ಒಳ್ಳೇದಾಯ್ತು ಎಂದು ಸುಮ್ನಿದ್ದೆ. ರಾತ್ರಿ ಪ್ರಯಾಣ ಮಾಡಿ ಬಂದವರನ್ನು ಹತ್ತು ಗಂಟೆಗೆ ಕೋಟೆ ಹತ್ತಿಸುವ ಪ್ಲಾನ್ ಯಾರೂ ಮಾಡಬಾರದು.

ಜುಮಾಗೆ ಚಾಚಾ ಬಂದು ಅಬ್ಬ ಮತ್ತು ಅಳಿಯನನ್ನು ಕರೆದುಕೊಂಡು ಹೋದರು. ವಾಪಸ್ ಬರುವಾಗ ಇಬ್ಬರು ಹಿರಿಯರೂ ನಗುತ್ತಿದ್ದರು. ಮಸೀದಿಯ ಬಯಾನ್ (ಪ್ರವಚನ) ಉರ್ದುವಿನಲ್ಲಿತ್ತಂತೆ. ಅಬ್ಬನಿಗೆ ಬ್ಯಾರಿ ಬರುತ್ತದೆ, ಮಲಯಾಳ ಬರುತ್ತದೆ, ತುಳು ಬರುತ್ತದೆ. ಉರ್ದು ಅಷ್ಟಕ್ಕಷ್ಟೇ. ಚಾಚಾನದು ದಖ್ಖನಿ. ಕೊನೆಗೆ ಚಾಚಾ ದಾರಿಯುದ್ದಕ್ಕೂ ಬಯಾನನ್ನು ಬಳ್ಳಾರಿ ಕನ್ನಡದಲ್ಲಿ ಹೇಳಿದ್ದಾರೆ, ಅಬ್ಬ ಮಂಗಳೂರು ಕನ್ನಡದಲ್ಲಿ ಪ್ರಶ್ನೆ ಕೇಳಿದ್ದಾರೆ.

ಸಂಜೆ ಕೋಟೆಗೆ ಹೊರಟೆವು. ಬಳ್ಳಾರಿ ಗುಡ್ಡದ ಮೇಲಿನ ಕೋಟೆ ಹನುಮಪ್ಪ ನಾಯಕ ಕಟ್ಟಿಸಿದ್ದು. ಕೆಳಕೋಟೆ ಹೈದರ್ ಅಲಿಯದು. 1769ರಲ್ಲಿ ಊರು ಅವನ ಕೈಗೆ ಬಂದ ಮೇಲೆ ಫ್ರೆಂಚ್ ಇಂಜಿನಿಯರ್ ಒಬ್ಬನಿಂದ ಕಟ್ಟಿಸಿದ. ಮೆಟ್ಟಿಲು ಜಾಸ್ತಿ. ಉಮ್ಮ ಮತ್ತು ನಾನು ಕೆಳಗೇ ಉಳಿದೆವು.

ಉಮ್ಮನಿಗೆ ಬೇಜಾರಾಗದಿರಲಿ ಎಂದು ಆ ಇಂಜಿನಿಯರ್ ಕಥೆ ಹೇಳಿದೆ. ಕೋಟೆ ಕಟ್ಟಿ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ. ಅಲ್ಲಿ ತೋಪು ಇಟ್ಟರೆ ಕೋಟೆಯ ಗತಿ ಮುಗಿಯಿತು. ಹೈದರ್ ಸಿಟ್ಟಾಗಿ ಅವನನ್ನು ಗಲ್ಲಿಗೇರಿಸಿದ ಎಂದು ಊರಿನ ಮಾತು. ಪೂರ್ವ ಬಾಗಿಲ ಹತ್ತಿರ ಇರುವ ಗೋರಿ ಅವನದೇ ಎನ್ನುತ್ತಾರೆ ಕೆಲವರು. ಇನ್ನು ಕೆಲವರು ಅದು ಒಬ್ಬ ಮುಸ್ಲಿಂ ಸಂತರದು ಎನ್ನುತ್ತಾರೆ. ಉಮ್ಮ ಗೋರಿಯ ಬಗ್ಗೆ ಏನೂ ಕೇಳಲಿಲ್ಲ. "ಕಟ್ಟುವ ಮೊದಲು ಎದುರಿನ ಗುಡ್ಡ ಯಾರಿಗೂ ಕಾಣ್ಲಿಲ್ವಾ?" ಎಂದರು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಯಾವ ಹುಡುಗನೂ ಇದನ್ನು ಕೇಳಿರಲಿಲ್ಲ.

ಬಾರ್ ವಿಷಯ ಬಂದದ್ದು ಆ ರಾತ್ರಿ. ಹೋಟೆಲ್ ರೂಮನ್ನು ನಾನೇ ಹೋಗಿ ನೋಡಿ ಬಂದಿದ್ದೆ, ಆದರೆ ಬೆಳಿಗ್ಗೆ ಹನ್ನೊಂದಕ್ಕೆ. ಸ್ವಚ್ಛವಾಗಿತ್ತು. ಪಕ್ಕದ ರಸ್ತೆಯ ಕಡೆ ಒಂದು ಶಟರ್ ಮುಚ್ಚಿತ್ತು, ಗೋಡೌನ್ ಇರಬೇಕು ಎಂದುಕೊಂಡಿದ್ದೆ. ರಾತ್ರಿ ಎಂಟಕ್ಕೆ ನೋಡಿದರೆ ಅದೇ ಶಟರಿನ ಮೇಲೆ ಕೆಂಪು ದೀಪದ ಬೋರ್ಡು. ಬಾರಿಗೂ ರೂಮುಗಳಿಗೂ ಒಂದೇ ಲಿಫ್ಟ್. ಮೆಟ್ಟಿಲ ಹತ್ತಿರ ಸಿಗರೇಟು ವಾಸನೆ, ಕೆಳಗೆ ಜೋರು ಹಾಡು. ಗೆಳತಿ ಏನೂ ಅನ್ನಲಿಲ್ಲ. ಮಕ್ಕಳ ಕೈ ಹಿಡಿದುಕೊಂಡು ಲಿಫ್ಟಿನ ಹೊರಗೇ ನಿಂತಳು. ಅದೇ ಸಾಕಾಯಿತು.

ನಮ್ಮ ಮನೆಯ ಮೇಲಿನ ಭಾಗದ ಬಾಡಿಗೆಯವರು ಖಾಲಿ ಮಾಡಿ ಹದಿನೈದು ದಿನವಾಗಿತ್ತು. ರಾತ್ರಿ ಒಂಬತ್ತಕ್ಕೆ ಹಾಸಿಗೆ, ಚಾಪೆ, ಬಕೆಟ್ಟು ಸಾಗಿಸಿದೆವು. ಹೋಟೆಲಿನವರು ಒಂದು ರಾತ್ರಿಯ ದುಡ್ಡು ವಾಪಸ್ ಕೊಡಲಿಲ್ಲ. ಅವರ ತಪ್ಪೂ ಅಲ್ಲ ಬಿಡಿ, ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅಬ್ಬ ಕೋಣೆಯ ನಡುವೆ ನಿಂತು ಫೋನಿನಲ್ಲಿ ಖಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ನೋಡಿದರು. ಬಳ್ಳಾರಿಯಿಂದ ಮಕ್ಕಾ ಪಶ್ಚಿಮಕ್ಕೆ, ಸುಮಾರು 15 ಡಿಗ್ರಿ ಉತ್ತರಕ್ಕೆ ವಾಲಿ. ಆ ಕಡೆಯ ಗೋಡೆಯಲ್ಲಿ ಹಳೇ ಬಾಡಿಗೆಯವರು ಬಿಟ್ಟುಹೋದ ಸಿನಿಮಾ ಕ್ಯಾಲೆಂಡರ್ ಇತ್ತು. ನಾನು ಓಡಿ ಹೋಗಿ ತೆಗೆದೆ.

ಮರುದಿನದ ಹೊಸಪೇಟೆ ಹೋಂ ಸ್ಟೇಗೆ ಆ ರಾತ್ರಿಯೇ ಫೋನ್ ಮಾಡಿದೆ. ಈ ಸಲ ಪ್ರಶ್ನೆಗಳು ಖಡಕ್ಕಾಗಿದ್ದವು. ಬಾರ್ ಇದೆಯಾ? ಪಕ್ಕದ ಕಟ್ಟಡದಲ್ಲಿ? ಸಂಜೆ ಗಲಾಟೆ ಇರುತ್ತಾ? ಮನೆಯೊಳಗೆ ನಾಯಿ ಇದೆಯಾ? ಕೊನೆಯದು ಗೆಳತಿ ಕೇಳಿಸಿದ್ದು. ಶಾಫಿಗಳಲ್ಲಿ ನಾಯಿಯ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ. ಹೋಂ ಸ್ಟೇ ಯಜಮಾನರು ಎರಡು ಕ್ಷಣ ಸುಮ್ಮನಾದರು. "ಇದೆ ಮೇಡಂ, ಆದ್ರೆ ಹಿತ್ತಲಲ್ಲಿ ಕಟ್ಟಿ ಹಾಕ್ತೀವಿ" ಎಂದರು. ಹಾಗೇ ಮಾಡಿದರು.

ಶನಿವಾರ: 3:50

ಫಜರ್ ಮುಗಿಸಿ ಆರೂ ಕಾಲಿಗೆ ಹೊರಟೆವು. ಕುಡತಿನಿ, ತೋರಣಗಲ್ಲು ದಾರಿ. ಲಾರಿಗಳ ಸಾಲು ಇದ್ದೇ ಇರುತ್ತದೆ, ಎರಡು ಗಂಟೆ ಕೈಯಲ್ಲಿ ಇಟ್ಟುಕೊಂಡೇ ಹೊರಡಬೇಕು. ಎಂಟೂವರೆಗೆ ರಾಣಿವಾಸದ ಆವರಣದಲ್ಲಿದ್ದೆವು.

ಹಂಪಿಯಲ್ಲಿ ಪಾರ್ಕು ಎಲ್ಲಿದೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ ಜಾಗ. ಕಮಲ ಮಹಲಿನ ಸುತ್ತ ಅಗಲವಾದ ಹುಲ್ಲುಹಾಸು, ಮರದ ನೆರಳು, ಸಮತಟ್ಟು ನೆಲ. ಉಮ್ಮ ಒಂದು ಗಂಟೆ ಅಲ್ಲೇ ಕೂತರು. ಮಕ್ಕಳು ಆನೆಲಾಯದ ಗುಮ್ಮಟಗಳನ್ನು ಎಣಿಸಿದರು. ಹನ್ನೊಂದು ಕೋಣೆ. ಎಲ್ಲ ಗುಮ್ಮಟ ಒಂದೇ ತರ ಇಲ್ಲ ಎಂದು ಆರು ವರ್ಷದವಳು ಅಣ್ಣನಿಗಿಂತ ಮೊದಲು ಕಂಡುಹಿಡಿದಳು. ಕಮಾನು, ಗುಮ್ಮಟ ನೋಡಿ ಅಬ್ಬ "ಇದು ನಮ್ಮ ಕಡೆಯ ಕೆಲಸದ ಹಾಗೆ ಉಂಟಲ್ಲ" ಎಂದರು. ಬಹಮನಿ ಸುಲ್ತಾನರ ಕಡೆಯ ಶೈಲಿಯನ್ನು ವಿಜಯನಗರದವರು ಅರಮನೆ ಕಟ್ಟಡಗಳಲ್ಲಿ ಧಾರಾಳವಾಗಿ ಬಳಸಿದರು ಎಂದೆ. ರಾಣಿ ಸ್ನಾನಗೃಹ, ಆಮೇಲೆ ಮ್ಯೂಸಿಯಂ. ಹನ್ನೆರಡೂ ಕಾಲಿಗೆ ಕಮಲಾಪುರದಲ್ಲಿ ಮಧ್ಯಾಹ್ನದ ಮಟ್ಟಿಗೆ ಹಿಡಿದಿದ್ದ ರೂಮು. ಇದಕ್ಕೆ ಕೊಟ್ಟ ದುಡ್ಡು ಇಡೀ ಪ್ರವಾಸದಲ್ಲೇ ಸಾರ್ಥಕವಾದದ್ದು. ನೀರು, ಮರೆ, ಫ್ಯಾನು, ಮಲಗಲು ಜಾಗ.

ಮೂರಕ್ಕೆ ಎದ್ದು ತಳವಾರಘಟ್ಟದ ದಾರಿ ಹಿಡಿದೆವು. ಅಲ್ಲಿ ಅಹ್ಮದ್ ಖಾನನ ಮಸೀದಿ ಇದೆ. ಹಂಪಿಗೆ ಬರುವವರಲ್ಲಿ ನೂರಕ್ಕೆ ತೊಂಬತ್ತು ಜನ ಅದರ ಮುಂದೆ ಗಾಡಿ ನಿಲ್ಲಿಸುವುದಿಲ್ಲ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಧಿಕಾರಿ 1439ರಲ್ಲಿ ಕಟ್ಟಿಸಿದ್ದು. ಗುಮ್ಮಟ ಇಲ್ಲ, ಮಿನಾರ್ ಇಲ್ಲ. ಕಂಬಗಳ ಮೇಲೆ ನಿಂತ ಕಟ್ಟಡ, ದೂರದಿಂದ ನೋಡಿದರೆ ದೇವಸ್ಥಾನದ ಮಂಟಪ. ಪಕ್ಕದಲ್ಲಿರುವ ಗೋರಿಗೆ ಮಾತ್ರ ಗುಮ್ಮಟ. ಅಲ್ಲಿನ ಶಾಸನ ಕನ್ನಡದ್ದು. ಅದರಲ್ಲಿ ಮಸೀದಿ ಎಂಬ ಪದವಿಲ್ಲ, 'ಧರ್ಮಸಾಲೆ' ಎಂದಿದೆ. ರಾಜ ದೇವರಾಯನಿಗೆ ಪುಣ್ಯ ಬರಲಿ ಎಂದು ಕಟ್ಟಿಸಿದ್ದು ಎಂದಿದೆ. ದೇವರಾಯ ತನ್ನ ಸಿಂಹಾಸನದ ಮುಂದೆ ಕುರಾನ್ ಇರಿಸಿದ್ದ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಮುಸ್ಲಿಂ ಸೈನಿಕರು ಅದಕ್ಕೆ ವಂದಿಸಿದರೆ ರಾಜನಿಗೂ ವಂದಿಸಿದಂತಾಗುತ್ತದೆ ಎಂಬ ಲೆಕ್ಕ.

ಅಬ್ಬ ಚಪ್ಪಲಿ ಬಿಟ್ಟು ಒಳಗೆ ಹೋದರು. ಪಶ್ಚಿಮದ ಗೋಡೆಯನ್ನು ತುಂಬ ಹೊತ್ತು ನೋಡಿದರು. ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಾಯಿತು. ಇಲ್ಲೇ ಹೇಳಿಬಿಡಬೇಕು ಎಂದು ಹೇಳಿದೆ. "ಅಬ್ಬ, ಇದು ಪುರಾತತ್ವ ಇಲಾಖೆಯ ಸ್ಮಾರಕ. ಪೂಜೆ, ನಮಾಜ್ ನಡೆಯುತ್ತಿರದ ಸ್ಮಾರಕಗಳಲ್ಲಿ ಹೊಸದಾಗಿ ಶುರು ಮಾಡೋಕೆ ಬಿಡೋದಿಲ್ಲ. ಇಲ್ಲಿನ ಪಾಳು ದೇವಸ್ಥಾನಗಳಿಗೂ ಅದೇ ನಿಯಮ."

ಅವರು ನನ್ನ ಮುಖ ನೋಡಿದರು. "ಧರ್ಮಸಾಲೆ ಅಂತಲ್ವಾ ಬರೆದದ್ದು? ಹಾಗಾದ್ರೆ ಕೂತು ನೀರು ಕುಡೀಬಹುದಲ್ಲ" ಎಂದರು. ಕಟ್ಟೆಯ ಮೇಲೆ ಕೂತು ಬಾಟಲಿ ತೆಗೆದರು. ನಾವೂ ಕೂತೆವು.

ಇಂಥ ಕಡೆ ಮೊದಲೇ ಹೇಳುವುದು ಒಳ್ಳೆಯದು. ಕಾವಲುಗಾರ ಬಂದು ಹೇಳಿದರೆ ಅದಕ್ಕೆ ಬೇರೆಯೇ ಬಣ್ಣ ಬರುತ್ತದೆ.

ಅಲ್ಲಿಂದ ವಿಠ್ಠಲ ದೇವಸ್ಥಾನ. ಗಾಡಿ ನಿಲ್ಲಿಸಿ ಸುಮಾರು ಒಂದು ಕಿಲೋಮೀಟರ್ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ರಜಾ ದಿನ, ಕ್ಯೂ ಹನುಮಂತನ ಬಾಲ. ನನ್ನ ಹಾಳೆಯ ಪ್ರಕಾರ 3:45ಕ್ಕೆ ಕ್ಯೂ, ನಾಲ್ಕಕ್ಕೆ ಒಳಗೆ, 4:40ರ ಅಸರ್‌ಗೆ ವಾಪಸ್ ರೂಮು. ಕ್ಯೂನಲ್ಲಿ ನಿಂತು ಐದು ನಿಮಿಷವಾಗಿಲ್ಲ, ಅಬ್ಬನ ಫೋನಿನಲ್ಲಿ ಬಾಂಗ್ ಕೇಳಿತು. 3:50.

"ಇದು ಯಾವುದು ಅಬ್ಬ?"

"ಅಸರ್."

"ಅಸರ್ 4:40ಕ್ಕಲ್ವಾ?"

ನಾನು ತಕ್ಷಣ ಚಾಚಾಗೆ ಫೋನ್ ಹಚ್ಚಿದೆ. "ಅಯ್ಯೋ ಮೇಡಂ, ನಮ್ದು ಹನಫಿ ಟೈಮ್ ರೀ! ಅವ್ರದು ಶಾಫಿ. ಅವ್ರಿಗೆ ಮೊದ್ಲೇ ಆಗ್ತದೆ" ಎಂದರು. ವಸ್ತುವಿನ ನೆರಳು ಅದರ ಉದ್ದಕ್ಕೆ ಸಮನಾಗಿ ಬೆಳೆದಾಗ ಶಾಫಿಗಳಿಗೆ ಅಸರ್ ಶುರು. ಚಾಚಾನ ಪಂಥವಾದ ಹನಫಿಗಳಲ್ಲಿ ನೆರಳು ಅದರ ಎರಡರಷ್ಟು ಬೆಳೆಯಬೇಕು. ನಡುಮಧ್ಯಾಹ್ನವೇ ಇದ್ದ ನೆರಳನ್ನು ಇಬ್ಬರೂ ಲೆಕ್ಕದಿಂದ ಬಿಡುತ್ತಾರೆ. ಜನವರಿಯ ಬಳ್ಳಾರಿಯಲ್ಲಿ ಈ ಎರಡರ ನಡುವೆ ಐವತ್ತು ನಿಮಿಷ. ಖಸರ್, ಜುಮಾ, ನಾಯಿ ಜೊಲ್ಲು ಎಲ್ಲ ಕೇಳಿ ತಿಳಿದುಕೊಂಡಿದ್ದೆ. ಶಾಫಿ ಎಂಬ ಪದ ನನ್ನ ಹಾಳೆಯಲ್ಲೇ ಇತ್ತು. ಆದರೂ ಚಾಚಾನ ಗೋಡೆಯ ಪಟ್ಟಿ ಎಲ್ಲರಿಗೂ ಒಂದೇ ಎಂದುಕೊಂಡಿದ್ದೆ.

ಸಮಯ ಮೀರಿ ಹೋಗುವ ಭಯವೇನೂ ಇರಲಿಲ್ಲ. ಸೂರ್ಯ ಮುಳುಗುವ ಮೊದಲು ಯಾವಾಗ ಮಾಡಿದರೂ ಅಸರ್ ಸಲ್ಲುತ್ತದೆ. ಆದರೆ ಅಬ್ಬನಿಗೆ ಹೊತ್ತು ಬಂದ ಮೇಲೆ ಕಾಯುವುದು ಆಗದು. ಅವರು ಕ್ಯೂ ಬಿಟ್ಟು ಹೊರಟರು. ಡ್ರೈವರ್ ತಮ್ಮ ಪುಣ್ಯಾತ್ಮ, ಗಾಡಿಯಲ್ಲಿದ್ದ ಐದು ಲೀಟರ್ ನೀರಿನ ಕ್ಯಾನ್ ಕೊಟ್ಟ. ಪಾರ್ಕಿಂಗ್ ಬಯಲಿನ ಅಂಚಿನ ಮರದ ಕೆಳಗೆ ಅಬ್ಬ ವುಜೂ ಮಾಡಿದರು. ಚಾಪೆ ಹಾಸಿದರು. ಅಳಿಯ ಮಧ್ಯಾಹ್ನವೇ ಎರಡನ್ನೂ ಒಟ್ಟಿಗೆ ಮುಗಿಸಿದ್ದರು, ಕ್ಯೂನಲ್ಲಿ ನಮ್ಮ ಜಾಗ ಹಿಡಿದು ನಿಂತರು. ಉಮ್ಮ, ಗೆಳತಿ ಕೂಡ ಒಟ್ಟಿಗೆ ಮುಗಿಸಿದ್ದರಿಂದ ಮರೆಯ ಜಾಗ ಹುಡುಕುವ ಪರದಾಟ ತಪ್ಪಿತು. ಅಬ್ಬ ಎಂಟು ನಿಮಿಷಕ್ಕೆ ವಾಪಸ್. ಕ್ಯೂ ಅಷ್ಟರಲ್ಲಿ ಹತ್ತು ಹೆಜ್ಜೆ ಮುಂದೆ ಹೋಗಿತ್ತು, ಅಷ್ಟೇ. ಕಲ್ಲಿನ ರಥದ ಹತ್ತಿರ ನಾವು ಒಂದು ಗಂಟೆ ಆರಾಮವಾಗಿ ಕಳೆದೆವು. 4:40ಕ್ಕೆ ಓಡಿಬರುವ ಅವಸರವೂ ಹೋಗಿತ್ತು!

ಭಾನುವಾರ

ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲ ಸರಿಯಾಗಿ ನಡೆಯಿತು. ಬೆಳಿಗ್ಗೆ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯ. ಬಿಳಿಕಲ್ ಕಾಡಿನಲ್ಲಿ 2017ರಲ್ಲಿ ಶುರುವಾದದ್ದು, ಸಫಾರಿ ಇದೆ. ಹುಲಿ ಬಸ್ಸಿನ ಹತ್ತಿರವೇ ಬಂದು ಕೂತಿತು. ಉಮ್ಮ ಬಸ್ಸಿನೊಳಗೆ ಕೂತೇ ಎಲ್ಲ ನೋಡಿದರು. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯ ಪಾರ್ಕು ನಮ್ಮ ಕಡೆ ಇಲ್ಲ.

ಮಧ್ಯಾಹ್ನ ಹೊಸಪೇಟೆ. ಅಸರ್ 3:50ಕ್ಕೆ ಹೋಂ ಸ್ಟೇಯಲ್ಲೇ, ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ ತಿದ್ದಿದ್ದೆ. ಆಮೇಲೆ ಡ್ಯಾಂ ಕಡೆ. ಅಬ್ಬನಿಗೆ ಗೇಟುಗಳ ಮೇಲೆಯೇ ಕಣ್ಣು. ಒಟ್ಟು 33. "ಪೇಪರಿನಲ್ಲಿ ಬಂದ 19ನೇದು ಯಾವುದು?" ಎಂದು ಕೇಳಿದರು. 2024ರ ಆಗಸ್ಟ್ 10ರ ರಾತ್ರಿ ಚೈನ್ ಲಿಂಕ್ ತುಂಡಾಗಿ ಕೊಚ್ಚಿಹೋದ ಗೇಟು ಅದು. ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ (ಗೇಟಿನ ಜಾಗಕ್ಕೆ ಅಡ್ಡ ಇಳಿಸುವ ಉಕ್ಕಿನ ಹಲಗೆ) ಇಳಿಸಿ ನೀರು ನಿಲ್ಲಿಸಿದ ಕಥೆಯನ್ನು ಡ್ರೈವರ್ ಹೇಳಿದ. ನನಗಿಂತ ಚೆನ್ನಾಗಿ ಹೇಳಿದ. ಅವನ ಗದ್ದೆಗೆ ನೀರು ಬರುವುದು ಈ ಡ್ಯಾಮಿನಿಂದಲೇ.

ಸಂಜೆ ಹೊಳೆ ಮೀನಿನ ಫ್ರೈ ಸಿಕ್ಕಿತು. ಚಿಕನ್ ಕರಿಯುವ ಎಣ್ಣೆಯೂ ಇದೇನಾ ಎಂದು ಗೆಳತಿ ವಿಚಾರಿಸಿದಳು. ಬರೀ ಮೀನಿನ ಬಾಣಲಿ ಇಟ್ಟವರ ಹತ್ತಿರ ತೆಗೆದುಕೊಂಡಳು. ಉಮ್ಮ ಒಂದು ತುಂಡು ಬಾಯಿಗೆ ಹಾಕಿ ನಿಧಾನಕ್ಕೆ ಅಗಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು.

"ಮೀನು ಪಾಪದ್ದು. ಸಮುದ್ರ ನೋಡಿಲ್ಲ" ಎಂದರು.

ಆದರೂ ಎರಡು ತುಂಡು ತಿಂದರು. ಮಗ್ರಿಬ್ ಮುಗಿಸಿಕೊಂಡು ಉದ್ಯಾನಕ್ಕೆ ಬಂದು ಕಾರಂಜಿ ನೋಡಿದರು. ರಾತ್ರಿ ಬಸ್ಸಿಗೆ ಹೊಸಪೇಟೆಯಲ್ಲೇ ಹತ್ತಿಸಿದೆ.

ಈಗ ಅವರಿಗೆ ರಾಯಚೂರಿನ ಆಸೆ ಹತ್ತಿದೆ. 1513ರ ಏಕ ಮಿನಾರ್ ಮಸೀದಿ, ಕೋಟೆ ಗೋಡೆಯಲ್ಲಿರುವ 41 ಅಡಿಯ ಕಲ್ಲು, ಆ ಕಲ್ಲನ್ನು ಗಾಡಿಯಲ್ಲಿ ಎಳೆದು ತಂದದ್ದನ್ನು ತೋರಿಸುವ ಗೋಡೆಯ ಚಿತ್ರ. ಅಬ್ಬ ಯಾರದೋ ಫೋನಿನಲ್ಲಿ ನೋಡಿದರಂತೆ. ಹಬ್ಬ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಬರುತ್ತೇವೆ ಎಂದಳು ಗೆಳತಿ. ಏಪ್ರಿಲ್ ರಾಯಚೂರಾ! ನವೆಂಬರ್ ಎಂದು ಬರೆದು ಕಳಿಸಿದ್ದೇನೆ, ಪಕ್ಕದಲ್ಲಿ ಶಾಫಿ ಅಸರ್ ಸಮಯವನ್ನೂ.